ನಿಲ್ಲಿಸುವ ಬಟನ್ ಇಲ್ಲದ ಡಬ್ಬಿ

ಮಲೇಷ್ಯಾದ ಪುಚೊಂಗ್‌ನಲ್ಲಿರುವ ನಮ್ಮ ಕಾಂಡೋ ಮನೆಯ ಹಾಲ್‌ನಲ್ಲಿ ಗೋಡೆ ಅನ್ನಿಸಿಕೊಳ್ಳುವಂಥದ್ದು ಒಂದೇ ಇದೆ. ಉಳಿದ ಕಡೆಯೆಲ್ಲ ಕಿಟಕಿ, ಬಾಗಿಲು, ಅಡುಗೆಮನೆಯ ಕಟ್ಟೆ. ಆ ಒಂದು ಗೋಡೆಯ ಎಡಗಡೆ ನನ್ನ ಮಾವ ಮತ್ತು ಅತ್ತೆಯ ಫೋಟೋಗಳಿವೆ. ಎರಡಕ್ಕೂ ಹಾರ, ಕೆಳಗೆ ಹಗಲಿರುಳು ಉರಿಯುವ ಪುಟ್ಟ ಬಲ್ಬಿನ ಒಂದೊಂದು ದೀಪ. ಬಲಗಡೆ ಖಾಲಿ. ಅಲ್ಲಿ ಏನಾದರೂ ಚೆಂದದ್ದು ತೂಗುಹಾಕಬೇಕು ಅಂದುಕೊಳ್ಳುತ್ತಲೇ ವರ್ಷಗಳು ಕಳೆದಿದ್ದವು. ಆ ಜಾಗವನ್ನು ಹಾಗೆ ಖಾಲಿ ಬಿಟ್ಟದ್ದಕ್ಕೆ ಆಮೇಲೆ ನನ್ನನ್ನು ನಾನೇ ಬೈದುಕೊಂಡಿದ್ದೇನೆ.

ಮಗಳು ಆಗ ಸೈಬರ್‌ಜಯಾದಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಳು. ಹುಟ್ಟಿ ಬೆಳೆದದ್ದೆಲ್ಲ ಮಲೇಷ್ಯಾದಲ್ಲೇ. ಕನ್ನಡದಲ್ಲಿ ಬೈದರೆ ಒಂದಕ್ಷರ ಬಿಡದೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಅವಳೂ ಅವಳ ಇಬ್ಬರು ಗೆಳತಿಯರೂ ಸೇರಿ ಪ್ರಾಜೆಕ್ಟಿಗೆಂದು ಒಂದು ಡಬ್ಬಿ ಮಾಡಲು ಹೊರಟಿದ್ದರು. ಗೆಳತಿಯರಲ್ಲಿ ಒಬ್ಬಳು ಮಲಾಯ್, ಇನ್ನೊಬ್ಬಳು ಚೀನೀ. ಡಬ್ಬಿಯೆಂದರೆ ಸೋಪಿನ ಡಬ್ಬಿಯಷ್ಟೇ ಗಾತ್ರ. ಒಳಗೆ ಇಸ್ಪೀಟು ಎಲೆಯಷ್ಟು ಅಗಲದ ಕಂಪ್ಯೂಟರ್ ಬೋರ್ಡು. ಫೋಟೋ ತುಂಬಿದ ಪೆನ್‌ಡ್ರೈವನ್ನು ಅದಕ್ಕೆ ಚುಚ್ಚಿ, ಕೇಬಲನ್ನು ಪ್ರೊಜೆಕ್ಟರಿಗೆ ಸಿಕ್ಕಿಸಿದರೆ ಸಾಕು, ಲ್ಯಾಪ್‌ಟಾಪಿನ ಹಂಗಿಲ್ಲದೆ ಗೋಡೆಯ ಮೇಲೆ ಸ್ಲೈಡ್‌ಶೋ ತಾನಾಗಿ ಶುರುವಾಗಬೇಕು. ಟ್ಯೂಷನ್ ಸೆಂಟರು, ದೇವಸ್ಥಾನದ ಸಭಾಂಗಣ, ಮದುವೆ ಹಾಲ್, ಎಲ್ಲಿಗೆ ಬೇಕಾದರೂ ಕೈಚೀಲದಲ್ಲಿ ಹಾಕಿಕೊಂಡು ಹೋಗಬಹುದು ಎಂಬುದು ಅವರ ಲೆಕ್ಕಾಚಾರ.

ಬೋರ್ಡು ಮುಟ್ಟುವ ಮೊದಲು ಪೂರ್ತಿ ಯೋಜನೆ ಕಾಗದದ ಮೇಲೆ ಇರಬೇಕು ಎಂದು ಅವರ ಮೇಷ್ಟ್ರು ಹೇಳಿದ್ದರಂತೆ. ಹಾಗಾಗಿ ಭಾನುವಾರ ಬಂತೆಂದರೆ ನಮ್ಮ ಊಟದ ಮೇಜಿನ ಮೇಲೆ ಚಾರ್ಟ್ ಪೇಪರ್ ಹರಡಿಕೊಳ್ಳುತ್ತಿತ್ತು. ಅದರ ತುಂಬ ಚೌಕ, ಬಾಣ, ಪ್ರಶ್ನೆಗಳು. ಪೆನ್‌ಡ್ರೈವ್ ಚುಚ್ಚಿದ ತಕ್ಷಣ ಏನಾಗಬೇಕು? ಫೋಟೋಗಳು ಯಾವ ಕ್ರಮದಲ್ಲಿ ಬರಬೇಕು? ಒಂದೊಂದು ಎಷ್ಟು ಹೊತ್ತು ನಿಲ್ಲಬೇಕು? ಕೆಳಗಿನ ಮಾಮಕ್ ಹೋಟೆಲಿನಿಂದ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿಕೊಂಡು ಬಂದ ರೊಟ್ಟಿಗೂ ನನ್ನ ನೀರುದೋಸೆಗೂ ಆ ಕಾಗದದ ಮೇಲೆಯೇ ಜಾಗ. ನಾನು ಚಹಾ ಕೊಡುವ ನೆಪದಲ್ಲಿ ಹೋಗಿ ಮೂಗು ತೂರಿಸುತ್ತಿದ್ದೆ. ನನಗೆ ಆ ವಿದ್ಯೆ ಗೊತ್ತಿಲ್ಲ. ಆದರೆ ಗೊತ್ತಿಲ್ಲದ್ದಕ್ಕೆ ಸುಮ್ಮನಿರುವ ಜಾಯಮಾನ ನನ್ನದಲ್ಲ.

ಡಬ್ಬಿಗೆ ನಿಲ್ಲಿಸುವ ಬಟನ್ ಇಡಬೇಕೋ ಬೇಡವೋ ಎಂಬ ಚರ್ಚೆ ಬಂದಾಗ ಬೇಡವೇ ಬೇಡ ಎಂದವಳು ನಾನು. ನಮ್ಮ ಕನ್ನಡಿಗರ ಕೂಟದಲ್ಲಿ ಒಮ್ಮೆ ಹಿರಿಯರೊಬ್ಬರ ಸನ್ಮಾನದ ಸ್ಲೈಡ್‌ಶೋ ನಡೆಯುವಾಗ ಯಾರದೋ ಕೈ ತಾಗಿ ಅದು ನಿಂತುಹೋಗಿತ್ತು. ಬೆಳ್ಳಿಪರದೆಯಷ್ಟು ದೊಡ್ಡದಾಗಿ ಮೂಡಿದ್ದು, ಲ್ಯಾಪ್‌ಟಾಪ್ ತಂದವರಿಗೆ ಅವರ ಹೆಂಡತಿ ಕಳಿಸಿದ ಮೆಸೇಜು. ಬರುವಾಗ ತೆಂಗಿನಕಾಯಿ ತನ್ನಿ, ಹೋದ ಸಲದಂತೆ ಕೊಳೆತದ್ದು ಬೇಡ ಎಂದಿತ್ತು. ಆ ಕತೆ ಹೇಳಿದೆ. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಒಮ್ಮೆ ಶುರುವಾದರೆ ಕೊನೆಯ ಫೋಟೋ ಮುಗಿಯುವ ತನಕ ಯಾರು ಏನು ಒತ್ತಿದರೂ ನಿಲ್ಲಬಾರದು ಎಂದು ಮಗಳು ಕಾಗದದ ಮೇಲೆ ಬರೆದಳು.

ನನಗೆ ಉಮೇದು ಹೆಚ್ಚಾಯಿತು. "ಕರೆಂಟ್ ಹೋದ್ರೆ?" ಎಂದು ಕೇಳಿದೆ.

ಮೂವರೂ ನನ್ನ ಮುಖ ನೋಡಿದರು. "ವೇರ್ ಗಾಟ್ ಬ್ಲ್ಯಾಕೌಟ್ ಲಾ, ಆಂಟಿ" ಎಂದು ಮಲಾಯ್ ಹುಡುಗಿ ನಕ್ಕಳು. ಇಲ್ಲಿಯ ಮಕ್ಕಳಿಗೆ ಕರೆಂಟ್ ಹೋಗುವುದೆಂದರೆ ಏನೆಂದು ಹೇಗೆ ಗೊತ್ತಾಗಬೇಕು. ನಾನು ಬೆಂಗಳೂರಿನಲ್ಲಿ ಮೇಣದ ಬತ್ತಿ ಹಚ್ಚಿಕೊಂಡು ಡಿಗ್ರಿ ಪರೀಕ್ಷೆಗೆ ಓದಿದವಳು. ಕರೆಂಟ್ ಹೋಗಿ ಬಂದರೆ ಮತ್ತೆ ಮೊದಲಿನಿಂದ ಶುರುವಾಗಕೂಡದು, ಎಲ್ಲಿ ನಿಂತಿತ್ತೋ ಅದೇ ಫೋಟೋದಿಂದ ಮುಂದುವರಿಯಬೇಕು ಎಂದು ಹಟ ಹಿಡಿದೆ. ಅದನ್ನೂ ಬರೆದುಕೊಂಡರು. ಮೇಷ್ಟ್ರಿಗೆ ಆ ಅಂಶ ತುಂಬ ಹಿಡಿಸಿತು ಎಂದು ಮುಂದಿನ ವಾರ ಮಗಳು ಹೇಳಿದಾಗ ನಾನು ಉಬ್ಬಿಹೋದೆ.

ಇಷ್ಟೆಲ್ಲ ನಗು ಮಾತು ನಡೆಯುತ್ತಿದ್ದರೂ ಆ ದಿನಗಳಲ್ಲಿ ನನಗೆ ಬೇರೆಯೇ ಒಂದು ಚಿಂತೆಯಿತ್ತು. ನನ್ನ ಯಜಮಾನರು ಉಡುಪಿಯವರು, ಇಲ್ಲಿಯ ಮೆಡಿಕಲ್ ಕಾಲೇಜೊಂದರಲ್ಲಿ ಪಾಠ ಮಾಡುವ ಡಾಕ್ಟರು. ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡದ್ದನ್ನು ನೋಡಿ ನಾನೇ ಜಗಳವಾಡಿ ಆಂಜಿಯೋಗ್ರಾಮ್ ಮಾಡಿಸಿದ್ದೆ. ರಕ್ತನಾಳಗಳು ಕಟ್ಟಿಕೊಂಡಿದ್ದವು. ತಡಮಾಡದೆ ಬೈಪಾಸ್ ಮಾಡಿಸಬೇಕು ಎಂದು ಅವರ ಗೆಳೆಯರೇ ಆದ ಸರ್ಜನ್ ಹೇಳಿದ್ದರು. ಇವರು ಮಾತ್ರ ಮುಂದೂಡುತ್ತಲೇ ಹೋದರು. ಕಾಲೇಜಿನ ಪರೀಕ್ಷೆ ಮುಗಿಯಲಿ ಎಂದರು. ಪರೀಕ್ಷೆ ಮುಗಿದ ಮೇಲೆ ಹೊಸ ಬ್ಯಾಚು ಬರಲಿ ಎಂದರು. ಅದೂ ಬಂದ ಮೇಲೆ, ಅರವತ್ತು ತುಂಬುವ ದಿನ ಹತ್ತಿರವಿದೆಯಲ್ಲ, ಅದೊಂದು ಊಟ ಮುಗಿಸಿಕೊಂಡು ಹೋಗುವ ಎಂದರು.

"ನಂಗೆ ಗೊತ್ತುಂಟು ಮಾರಾಯ್ತಿ, ನಾನೂ ಡಾಕ್ಟ್ರೇ ಅಲ್ವಾ" ಎನ್ನುವುದು ಅವರ ಕೊನೆಯ ಅಸ್ತ್ರ.

ಆಗ ನಾನು ಮಾಡಿದ ಕೆಲಸವೆಂದರೆ ಮನೆಯಲ್ಲಿ ಕೆಲವು ಮಾತುಗಳನ್ನು ನಿಷೇಧಿಸಿದ್ದು. ಸಾವು ಎಂಬ ಮಾತು ಯಾರ ಬಾಯಲ್ಲೂ ಬರಕೂಡದು. ಟೀವಿಯಲ್ಲಿ ಅಂಥ ದೃಶ್ಯ ಬಂದರೆ ಚಾನೆಲ್ ಬದಲಿಸುತ್ತಿದ್ದೆ. ಕೆಲಸಕ್ಕೆ ಹೊರಡುವಾಗ ಅವರು ಮರೆತು "ಹೋಗ್ತೇನೆ" ಅಂದರೆ, ವಾಪಸು ಕರೆದು "ಬರ್ತೇನೆ" ಅನ್ನಿಸಿಯೇ ಕಳಿಸುತ್ತಿದ್ದೆ. ಇಂಥದ್ದರಲ್ಲೆಲ್ಲ ನನಗೆ ನಂಬಿಕೆ ಇಲ್ಲ. ಆದರೂ ಅನ್ನಿಸುತ್ತಿದ್ದೆ.

ಕಡೆಗೆ ಡಬ್ಬಿ ತಯಾರಾಯಿತು, ಅದರ ಮೊದಲ ಪರೀಕ್ಷೆಗೆ ಫೋಟೋಗಳು ಬೇಕಿದ್ದವು. ಅಪ್ಪನ ಅರವತ್ತು ವರ್ಷದ ಫೋಟೋಗಳನ್ನೇ ಹಾಕುತ್ತೇನೆ, ಹುಟ್ಟುಹಬ್ಬದ ಊಟದ ದಿನ ಬಂದವರಿಗೆಲ್ಲ ತೋರಿಸೋಣ ಎಂದಳು ಮಗಳು. ನನಗೂ ಖುಷಿಯಾಯಿತು. ಹಳೆಯ ಆಲ್ಬಮ್‌ಗಳನ್ನೆಲ್ಲ ಇಳಿಸಿಕೊಟ್ಟೆ. ಅಲಂಕಾರ ಹೇಗಿರಬೇಕೆಂದು ಮಾತು ಶುರುವಾದಾಗ ಚೀನೀ ಹುಡುಗಿ ಒಂದು ವಿಷಯದಲ್ಲಿ ಗಟ್ಟಿಯಾಗಿ ನಿಂತಳು. ಬಿಳಿ ಹಿನ್ನೆಲೆ ಬೇಡ, ಅವರಲ್ಲಿ ಅದು ಸಾವಿನ ಮನೆಯ ಬಣ್ಣವಂತೆ. ಬದುಕಿರುವವರ ಕಪ್ಪು ಬಿಳುಪು ಫೋಟೋವನ್ನೂ ದೊಡ್ಡದಾಗಿ ತೋರಿಸಕೂಡದಂತೆ, ಬಣ್ಣ ತುಂಬಿಸಿಯೇ ಹಾಕಬೇಕಂತೆ. ನನ್ನ ನಿಷೇಧವನ್ನು ಯಾರೂ ಹೇಳಿಕೊಡದೆ ಪಾಲಿಸಿದವಳು ಅವಳೊಬ್ಬಳೇ. ಅವಳ ತಟ್ಟೆಗೆ ಇನ್ನೆರಡು ದೋಸೆ ಹಾಕಿದೆ. ಮಲಾಯ್ ಹುಡುಗಿ, ಹಾಗಿದ್ದರೆ ಹಳದಿ ಇರಲಿ, ಹಳದಿ ನಮ್ಮ ರಾಜರ ಬಣ್ಣ, ಅಂಕಲ್ ರಾಜನ ಹಾಗೆ ಕಾಣಬೇಕು ಎಂದಳು. "ಫ್ರೇಮ್ ನಾನು ಮಾಡ್ತೀನಿ, ನಮ್ಮ ಸ್ಟೈಲಲ್ಲಿ" ಎಂದು ಮಗಳು ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು.

ಆ ವಾರವೇ ಮಾವನವರ ತಿಥಿ ಇತ್ತು. ಹೂವು ತರಲು, ನಮ್ಮ ಕಡೆಯವರ ಅಂಗಡಿಗಳೇ ತುಂಬಿರುವ ಬ್ರಿಕ್‌ಫೀಲ್ಡ್ಸ್‌ಗೆ ಹೋಗಿದ್ದೆ. ಅಲ್ಲಿಯ ಹೂವಿನಂಗಡಿಯ ತಮಿಳು ಅಕ್ಕ ಹಾರ ಕೊಡುವ ಮೊದಲು ಯಾವಾಗಲೂ ಕೇಳುವುದು ಒಂದೇ ಪ್ರಶ್ನೆ. "ಸಾಮಿಕ್ಕಾ, ಫೋಟೋವುಕ್ಕಾ?" ದೇವರಿಗೋ ಫೋಟೋಗೋ. ಫೋಟೋಗೆ ಅಂದರೆ ಮುಂದೆ ಏನೂ ಕೇಳದೆ ದನಿ ತಗ್ಗಿಸಿ ಕಟ್ಟಿಕೊಡುತ್ತಾಳೆ. ಅಂದು ದಪ್ಪನೆಯ ಚೆಂಡುಹೂವಿನ ಹಾರ ತಂದು ಮೇಜಿನ ಮೇಲಿಟ್ಟೆ. ಮಗಳು ಅದನ್ನು ಹರಡಿಕೊಂಡು ಮೇಲಿನಿಂದ, ಪಕ್ಕದಿಂದ ಫೋಟೋ ತೆಗೆದಳು. ಮಾವನ ಫೋಟೋಗೆ ಹಾಕಿದ ಮೇಲೂ ಸ್ಟೂಲ್ ಹತ್ತಿ ಹತ್ತಿರದಿಂದ ತೆಗೆದಳು. ಪರವಾಗಿಲ್ಲ, ಹುಡುಗಿಗೆ ತಡವಾಗಿಯಾದರೂ ನಮ್ಮ ಪದ್ಧತಿಗಳಲ್ಲಿ ಆಸಕ್ತಿ ಹುಟ್ಟಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಪರೀಕ್ಷೆಯ ಭಾನುವಾರ ಸಂಜೆ ಯಜಮಾನರು ವಾಕಿಂಗ್ ಹೋಗಿದ್ದರು. ಅವರು ಬರುವುದರೊಳಗೆ ಒಮ್ಮೆ ನೋಡಿಬಿಡೋಣ ಎಂದು ಹುಡುಗಿಯರು ಪರದೆ ಎಳೆದು ಹಾಲ್ ಕತ್ತಲೆ ಮಾಡಿದರು. ಕಾಲೇಜಿನಿಂದ ತಂದ ಹಳೆಯ ಪ್ರೊಜೆಕ್ಟರು, ರಿಮೋಟ್ ಎಂದೋ ಕಳೆದುಹೋಗಿತ್ತು. ಚಿತ್ರ ಬೀಳಿಸಲು ಮನೆಯಲ್ಲಿ ಇದ್ದದ್ದು ಆ ಒಂದೇ ಗೋಡೆ, ಆ ಗೋಡೆಯಲ್ಲಿ ಆ ಬಲಗಡೆಯ ಖಾಲಿ ಜಾಗ. ನಾನು ಕೈ ಒರೆಸಿಕೊಂಡು ಅಡುಗೆಮನೆಯಿಂದ ಬಂದು ಸೋಫಾದ ತುದಿಯಲ್ಲಿ ಕೂತೆ. ಮಗಳು ಪೆನ್‌ಡ್ರೈವ್ ಚುಚ್ಚಿದಳು.

ಗೋಡೆಯ ಮೇಲೆ ನನ್ನ ಗಂಡ ಮೂಡಿದರು.

ಕಾಲೇಜು ದಿನಗಳ ಫೋಟೋ. ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ಅವರ ಮುಖ ಮಾತ್ರ. ಅದರ ಸುತ್ತ, ಎರಡೂ ಬದಿಯಿಂದ ಇಳಿಬಿದ್ದ ಚೆಂಡುಹೂವಿನ ಹಾರ. ಕೆಳಗೆ ಮಿಣುಕುವ ಒಂದು ದೀಪ, ನಮ್ಮನೆಯದೇ. ದೀಪದ ಕೆಳಗೆ ಅವರು ಹುಟ್ಟಿದ ಇಸವಿ, ಒಂದು ಗೆರೆ, ಗೆರೆಯ ಆಚೆ ಆ ವರ್ಷದ ಇಸವಿ. ಪ್ರೊಜೆಕ್ಟರಿನ ಪುಟ್ಟ ಸ್ಪೀಕರಿನಿಂದ ಕೊಳಲು ಕೇಳಿಸುತ್ತಿತ್ತು, ದೇಶದ ನಾಯಕರು ತೀರಿಕೊಂಡ ದಿನ ರೇಡಿಯೋದಲ್ಲಿ ಬರುತ್ತಿತ್ತಲ್ಲ, ಅಂಥದ್ದು. ಮಾವ, ಅತ್ತೆ, ಅವರ ಪಕ್ಕದಲ್ಲಿ ಇವರು. ಒಂದೇ ಸಾಲಿನಲ್ಲಿ ಮೂರು ಹಾರ, ಮೂರು ದೀಪ.

ಫೋಟೋ ಬದಲಾಯಿತು. ನಡುವಯಸ್ಸಿನ ಅವರು, ಅದೇ ಹಾರ, ಅದೇ ದೀಪ. ಮುಂದಿನದು ನಮ್ಮ ಕೂಟದಲ್ಲಿ ಅವರಿಗೆ ಸನ್ಮಾನವಾದಾಗಿನದು. ಕೊರಳಲ್ಲಿ ನಿಜವಾದ ಹಾರವೊಂದು, ಅದರ ಮೇಲೆ ಮಗಳ ಹಾರ ಇನ್ನೊಂದು.

"ನಿಲ್ಸು" ಎಂದೆ. ಇನ್ನೊಮ್ಮೆ ಹೇಳಿದೆ.

"ಸ್ಟಾಪ್ ಇಲ್ಲ ಅಮ್ಮ, ನೀನೇ ಬೇಡ ಅಂದೆ" ಎಂದು ಮಗಳು ಹೆಮ್ಮೆಯಿಂದ ನಕ್ಕಳು.

ನಾನು ಎದ್ದು ಹೋಗಿ ಪ್ರೊಜೆಕ್ಟರಿಗೂ ಡಬ್ಬಿಗೂ ಕರೆಂಟ್ ಕೊಡುತ್ತಿದ್ದ ಪ್ಲಗ್ ಕಿತ್ತುಹಾಕಿದೆ. ಹಾಲ್ ಕತ್ತಲಾಯಿತು, ಎಡಗಡೆಯ ಎರಡು ದೀಪಗಳನ್ನು ಬಿಟ್ಟು. ಉಸಿರು ತಿರುಗುವಷ್ಟರಲ್ಲಿ ಮಲಾಯ್ ಹುಡುಗಿ ಕೈ ತಟ್ಟಿದಳು. ಆಂಟಿ ಬ್ಲ್ಯಾಕೌಟ್ ಟೆಸ್ಟ್ ಮಾಡುತ್ತಿದ್ದಾರೆ ಎಂದು ಅವಳು ತಿಳಿದಿದ್ದಳು. ಮಗಳೂ ಹಾಗೆಯೇ ತಿಳಿದು, ನೋಡು ಈಗ ಎನ್ನುತ್ತ ಪ್ಲಗ್ ಮತ್ತೆ ಸಿಕ್ಕಿಸಿಯೇಬಿಟ್ಟಳು. ನಾನು ಹಟ ಹಿಡಿದು ಬರೆಸಿದ್ದ ಹಾಗೆಯೇ, ಎಲ್ಲಿ ನಿಂತಿತ್ತೋ ಅಲ್ಲಿಂದಲೇ, ಎರಡು ಹಾರ ಹಾಕಿಕೊಂಡು ನನ್ನ ಗಂಡ ಗೋಡೆಗೆ ವಾಪಸು ಬಂದರು.

ನನಗೆ ಬೇರೇನೂ ತೋಚಲಿಲ್ಲ. ಪ್ರೊಜೆಕ್ಟರಿನ ಮುಂದೆ ಹೋಗಿ ಅಡ್ಡ ನಿಂತುಬಿಟ್ಟೆ. ಈಗ ಹಾರ ನನ್ನ ಎದೆಯ ಮೇಲೆ ಬಿತ್ತು, ದೀಪ ಹೊಟ್ಟೆಯ ಮೇಲೆ. ಎರಡೂ ಕೈ ಚಾಚಿ ನಿಂತು ಅರಚಿದೆ. "ತೆಗೀರಿ ಅದನ್ನ. ಸತ್ತವರಿಗೆ ಹಾಕೋದು ಅದು. ಸತ್ತವರಿಗೆ."

ತಿಂಗಳುಗಳಿಂದ ಯಾರ ಬಾಯಲ್ಲೂ ಬರಬಾರದು ಎಂದು ಕಾದುಕೊಂಡು ಬಂದ ಮಾತು. ನನ್ನ ಬಾಯಿಂದಲೇ ಎರಡು ಸಲ ಬಂತು. ಕನ್ನಡ ಬಾರದ ಗೆಳತಿಯರಿಗೂ ಏನೋ ಆಗಬಾರದ್ದು ಆಗಿದೆ ಎಂದು ತಿಳಿಯಿತು. ಚೀನೀ ಹುಡುಗಿ ಒಮ್ಮೆ ಮಾವನ ಫೋಟೋ ನೋಡಿದಳು, ಒಮ್ಮೆ ನನ್ನ ಎದೆಯ ಮೇಲಿನ ಹಾರ ನೋಡಿದಳು, ಕೈಯಿಂದ ಬಾಯಿ ಮುಚ್ಚಿಕೊಂಡಳು. ಮಗಳ ಮುಖದಲ್ಲಿ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ, ಅಲ್ಲೇ ಗಟ್ಟಿಯಾಗಿತ್ತು.

ಆಗ ಬಾಗಿಲ ಕಡೆಯಿಂದ ದನಿ ಬಂತು. "ಎಂತ ಇದು, ಕಳ್ಸಿಯೇ ಬಿಟ್ರಾ ನನ್ನನ್ನು?"

ಯಜಮಾನರು ಬೂಟು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಯಾವಾಗ ಬಾಗಿಲು ತೆಗೆದರೋ, ಎಷ್ಟು ನೋಡಿದ್ದರೋ ಗೊತ್ತಿಲ್ಲ. ಕಟ್ಟಿಕೊಂಡ ನಾಳಗಳ ಆ ಮನುಷ್ಯ ತನ್ನದೇ ಶ್ರದ್ಧಾಂಜಲಿಯನ್ನು ನೋಡಿ ಅಲ್ಲಿಯೇ ಕುಸಿದರೆ ಏನು ಗತಿ. ಅವರು ಕುಸಿಯಲಿಲ್ಲ. ಬೂಟುಗಳನ್ನು ಬದಿಗಿಟ್ಟು ಬಂದು ಸೋಫಾದಲ್ಲಿ ಕೂತರು. "ನೀನು ಆಚೆ ಸರಿ, ಕಾಣ್ತಾ ಇಲ್ಲ" ಎಂದರು. ನಾನು ಸರಿಯಲಿಲ್ಲ. ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. ಡಾಕ್ಟರು ಎಕ್ಸ್‌ರೇ ನೋಡುವ ಹಾಗೆ ಕಣ್ಣು ಕಿರಿದು ಮಾಡಿ ನೋಡತೊಡಗಿದರು.

ನಮ್ಮ ಮದುವೆಯ ಫೋಟೋ ಬಂತು. ಅದರಲ್ಲೂ ಅವರೊಬ್ಬರೇ. ನನ್ನನ್ನು ಕತ್ತರಿಸಿಹಾಕಿತ್ತು ಆ ಡಬ್ಬಿ. ಅವರ ತೋಳಿನ ಮೇಲೆ ಬಳೆ ತೊಟ್ಟ ನನ್ನ ನಾಲ್ಕು ಬೆರಳು ಉಳಿದಿದ್ದವು, ಅಷ್ಟೇ. ಮಗಳು ಹುಟ್ಟಿದ ದಿನದ್ದು ಬಂತು. ಎತ್ತಿಕೊಂಡ ಭಂಗಿಯಲ್ಲಿ ಇವರಿದ್ದಾರೆ, ಕೈಯಲ್ಲಿದ್ದ ಮಗು ಚೌಕಟ್ಟಿನ ಆಚೆ ಉಳಿದಿದೆ.

"ನೀವಿಬ್ರು ಎಲ್ಲಿ?" ಎಂದು ಕೇಳಿದರು.

ಫ್ರೇಮಿನಲ್ಲಿ ಒಂದೇ ಮುಖ ಹಿಡಿಸುತ್ತದೆ ಅಪ್ಪಾ, ಡಬ್ಬಿ ತಾನಾಗಿ ನಿನ್ನ ಮುಖ ಹುಡುಕಿ ಉಳಿದದ್ದನ್ನು ಕತ್ತರಿಸುತ್ತದೆ ಎಂದು ಮಗಳು ಅಳುವ ದನಿಯಲ್ಲಿ ವಿವರಿಸಿದಳು.

ಕೊಳಲು ಕೇಳಿಸುತ್ತಲೇ ಇತ್ತು. ಯಜಮಾನರು ಗೋಡೆಯ ಕಡೆಗೇ ನೋಡುತ್ತ, ಔಷಧದ ಹೆಸರು ಹೇಳುವಷ್ಟು ಸಾದಾ ದನಿಯಲ್ಲಿ ಹೇಳಿದರು. "ಒಬ್ಬನೇ ಉಂಟಲ್ಲ ಎಲ್ಲ ಕಡೆ. ನಂಗೆ ಹೆದ್ರಿಕೆ ಆಗ್ತದೆ ಮಾರಾಯ್ತಿ. ಆ ಟೇಬಲ್ ಮೇಲೆ ಮಲಗ್ಲಿಕ್ಕೆ ನಂಗೆ ಹೆದ್ರಿಕೆ ಆಗ್ತದೆ."

ಹಾರ ಕಂಡಾಗ ಆದದ್ದು ಏನೂ ಅಲ್ಲ. ನಾನು ನಿಜವಾಗಿ ಬೆಚ್ಚಿಬಿದ್ದದ್ದು ಆಗ. ಇವರು ಹೆದರುತ್ತಾರೆ ಎಂದು ನನಗೆ ಗೊತ್ತೇ ಇರಲಿಲ್ಲ. ಪರೀಕ್ಷೆ, ಹೊಸ ಬ್ಯಾಚು, ಅರವತ್ತರ ಊಟ, ಅದೆಲ್ಲ ಸೋಮಾರಿತನ, ಡಾಕ್ಟರ ಅಹಂಕಾರ ಎಂದುಕೊಂಡು ಇಷ್ಟು ದಿನ ಜಗಳವಾಡಿದ್ದೆ. ಹೆದರಿಕೆ ಅನ್ನಲು ಅವರಿಗೆ ಈ ಮನೆಯಲ್ಲಿ ಜಾಗವೇ ಇರಲಿಲ್ಲ, ಬಾಯಿ ತೆರೆಯುವ ಮೊದಲೇ ನಾನು ಚಾನೆಲ್ ಬದಲಿಸುತ್ತಿದ್ದೆನಲ್ಲ. ನಾನು ಅತ್ತುಬಿಟ್ಟೆ. ಮಗಳು ಬಂದು ಅವರ ಕಾಲ ಬಳಿ ನೆಲದ ಮೇಲೆ ಕೂತು "ಅಪ್ಪಾ, ನಾವ್ ಬರ್ತೀವಿ ಜೊತೆಗೆ" ಎಂದಳು. ಕನ್ನಡದಲ್ಲೇ ಎಂದಳು. ಸ್ಲೈಡ್‌ಶೋ ತನ್ನ ಪಾಡಿಗೆ ಕೊನೆಯ ಫೋಟೋದವರೆಗೂ ನಡೆದು, ತಾನಾಗಿ ನಿಂತಿತು. ಸರ್ಜನ್ ಗೆಳೆಯರಿಗೆ ಫೋನ್ ಹಚ್ಚಿ ಅವರ ಕೈಗೆ ಕೊಟ್ಟೆ. ಭಾನುವಾರ ಅಂತ ಕೂಡ ನೋಡಲಿಲ್ಲ.

ಗೆಳತಿಯರು ಹೋದ ಮೇಲೆ ಮಗಳು ನನ್ನನ್ನು ಕೇಳಿದಳು. ದೇವರ ಫೋಟೋಗೆ ಹಾರ ಹಾಕುತ್ತೀರಿ. ಬದುಕಿರುವ ಅಪ್ಪನ ಕೊರಳಿಗೆ ಹಾರ ಹಾಕಿ ಚಪ್ಪಾಳೆ ತಟ್ಟುತ್ತೀರಿ. ಮದುವೆಯಲ್ಲಿ ನೀನೇ ಅವರಿಗೆ ಹಾಕಿದ್ದೀ. ಬದುಕಿರುವವರ ಫೋಟೋಗೆ ಹಾಕಿದರೆ ಮಾತ್ರ ಯಾಕೆ ತಪ್ಪು? ಹುಟ್ಟಿದಾಗಿನಿಂದ ಅಜ್ಜ ಅಜ್ಜಿಯ ಫೋಟೋಗಳನ್ನು ಹಾಗೆಯೇ ನೋಡಿದ್ದೇನೆ, ಪ್ರೀತಿಯವರನ್ನು ಇಡುವುದು ಹೀಗೆ ಎಂದುಕೊಂಡಿದ್ದೆ ಎಂದಳು. ಬ್ರಿಕ್‌ಫೀಲ್ಡ್ಸ್‌ನ ಹೂವಿನ ಅಕ್ಕನಿಗೆ ಗೊತ್ತಿರುವುದು ನನ್ನ ಎಂಜಿನಿಯರ್ ಮಗಳಿಗೆ ಗೊತ್ತಿಲ್ಲ. ಹೇಳಬೇಕಾದವಳು ನಾನು, ಹೇಳಬಾರದ ಮಾತುಗಳ ಪಟ್ಟಿ ಮಾಡಿಕೊಂಡು ಕೂತಿದ್ದೆ.

ಆಪರೇಷನ್ ಆಯಿತು. ಥಿಯೇಟರಿನೊಳಕ್ಕೆ ತಳ್ಳಿಕೊಂಡು ಹೋಗುವಾಗ ಯಾರೂ ನೆನಪಿಸದೆ ಅವರೇ "ಬರ್ತೇನೆ" ಎಂದರು. ಅರವತ್ತು ತುಂಬಿದ ದಿನ ಐಸಿಯುವಿನಲ್ಲಿ ಅವರ ಊಟ ಅರ್ಧ ಲೋಟ ಗಂಜಿ. ಪ್ರಾಜೆಕ್ಟಿನ ಯೋಜನೆಯನ್ನು ಹುಡುಗಿಯರು ತಿದ್ದಿ ಬರೆದರು. ಹಾರ ಹೋಯಿತು, ಇಸವಿ ಹೋಯಿತು, ಚೌಕಟ್ಟು ಎಷ್ಟು ಮುಖವಿದ್ದರೂ ಹಿಡಿಸುವಷ್ಟು ಅಗಲವಾಯಿತು. ಡಬ್ಬಿಯ ನೆತ್ತಿಯ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಕೆಂಪು ಬಟನ್ ಬಂತು. ಇಷ್ಟು ಚಿಕ್ಕ ಡಬ್ಬಿಗೆ ಇಷ್ಟು ದೊಡ್ಡ ಬಟನ್ ಯಾಕೆ ಎಂದು ಪ್ರಾಜೆಕ್ಟಿನ ಪರೀಕ್ಷೆಯ ದಿನ ಮೇಷ್ಟ್ರು ಕೇಳಿದರಂತೆ. ಬಳಸಿ ನೋಡಿದವರು ಕೇಳಿಕೊಂಡರು ಎಂದು ಮಗಳು ಉತ್ತರ ಕೊಟ್ಟಳಂತೆ.

ಅವರು ಮನೆಗೆ ಬಂದ ಮರುದಿನವೇ ನಾನು ಮಲಗುವ ಕೋಣೆಯ ಪುಸ್ತಕದ ಕಪಾಟನ್ನು ಹಾಲ್‌ಗೆ ಎಳೆದು ತಂದೆ, ಆ ಖಾಲಿ ಜಾಗಕ್ಕೆ ಒರಗಿಸಿಡಲು. ಅದು ಸೂರಿನ ತನಕ ಎತ್ತರ, ಪಕ್ಕದಲ್ಲಿ ಒಂದು ಮೊಳೆಗೂ ಎಡೆ ಉಳಿಯುವುದಿಲ್ಲ. ಒಳಗೆ ಜಾಗ ಸಾಲುತ್ತಿಲ್ಲ ಎಂದು ಮಗಳಿಗೆ ಹೇಳಿದೆ. ಕಪಾಟು ನಡುವೆ ಸಿಕ್ಕಿಕೊಂಡು ಅಲುಗಾಡಲಿಲ್ಲ. ಯಾಕೆ ಎಂದು ಯಜಮಾನರು ಕೇಳಲೇ ಇಲ್ಲ. ಒಂದು ಕೈಯಲ್ಲಿ ಎದೆಯ ಹೊಲಿಗೆಯನ್ನು ಒತ್ತಿ ಹಿಡಿದುಕೊಂಡು ಸೋಫಾದಿಂದ ಎದ್ದು ಬಂದರು. ನಾನು ಬೇಡ ಬೇಡ ಎಂದು ಗದರುತ್ತಿದ್ದ ಹಾಗೆಯೇ ಇನ್ನೊಂದು ಕೈಯನ್ನು ಕಪಾಟಿಗೆ ಕೊಟ್ಟು, ನನ್ನ ಪಕ್ಕದಲ್ಲಿ ನಿಂತು ತಳ್ಳಿದರು.